ಒಂದು ದಿನವೂ ಖಾಲಿಯಾಗದ ಬಾಟಲಿ

೧೯೮೧ರಲ್ಲಿ ನಾನು ಜಯನಗರದ ಒಂದು ನರ್ಸಿಂಗ್ ಹೋಮ್‌ನಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ಆ ತಿಂಗಳು ಆಪರೇಷನ್ ಆದ ಇಬ್ಬರ ಗಾಯ ಕೀವಾಗಿ ಬಿಚ್ಚಿಕೊಂಡಿತ್ತು. ಮೂರನೆಯವರು ತಿಲಕ್ ನಗರದ ಗೌರಮ್ಮ. ಪಿತ್ತಕೋಶದ ಆಪರೇಷನ್ ಆಗಿ ಆರು ದಿನವಾಗಿತ್ತು.

ಸೋಮವಾರ ಅವರ ಕೀವು ಪರೀಕ್ಷೆಗೆ ಬಂತು. ಹಸಿರು ಬಣ್ಣ. ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದ ಗುರುತು ಅದು; ನೀರಿನಲ್ಲಿ, ಸಿಂಕಿನ ಪಸೆಯಲ್ಲಿ ಬದುಕುತ್ತದೆ. ಮೂವರ ಗಾಯಕ್ಕೂ ತಾಗಿದ ಒದ್ದೆ ವಸ್ತು ಯಾವುದೆಂದು ಹುಡುಕಿದಾಗ ಉಳಿದದ್ದು ಡ್ರೆಸ್ಸಿಂಗ್ ಟ್ರಾಲಿಯ ಆಂಟಿಸೆಪ್ಟಿಕ್ ಬಾಟಲಿ. ಕೆಲವು ಹನಿ ತಂದು, ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿಗೆ ಹಚ್ಚಿ ಇನ್‌ಕ್ಯುಬೇಟರ್‌ನ ಬಿಸುಪಿನಲ್ಲಿಟ್ಟೆ.

ಮಂಗಳವಾರ ಬೆಳಿಗ್ಗೆ ಪ್ಲೇಟ್ ಹಸಿರಾಗಿತ್ತು. ರೌಂಡ್ಸ್‌ನಲ್ಲಿದ್ದ ಸರ್ಜನ್‌ಗೆ ತೋರಿಸಿದೆ. ನರ್ಸ್‌ಗಳ ಮುಂದೆಯೇ ನಕ್ಕರು.

“ಉಪ್ಪಿನಕಾಯಿಗೆ ಬೂಸ್ಟು ಹಿಡೀತು ಅನ್ನೋ ಹಾಗೆ ಹೇಳ್ತೀರಲ್ರೀ! ಇದು ಬ್ಯಾಕ್ಟೀರಿಯಾ ಕೊಲ್ಲೋ ಔಷಧಿ. ಮೊದ್ಲು ನಿಮ್ಮ ಕೈ ತೊಳ್ಕೊಂಡು ಬನ್ನಿ.”

ಅವಮಾನವಾಯಿತು. ನನ್ನ ಕೈಯಿಂದಲೇ ತಾಗಿರಬಹುದೇ ಎಂಬ ಅನುಮಾನವೂ ಹುಟ್ಟಿತು. ಬಾಟಲಿಯನ್ನು ಅಲ್ಲೇ ಬಿಟ್ಟು, ಪರೀಕ್ಷೆಯನ್ನು ಮತ್ತೆ ಮಾಡಿದೆ. ಈ ಸಲ ಎರಡು ಪ್ಲೇಟ್: ಒಂದು ಆ ಬಾಟಲಿಯದು, ಇನ್ನೊಂದು ಸೀಲ್ ಒಡೆಯದ ಡಬ್ಬದ ಔಷಧಿಯನ್ನು ಕಾಯಿಸಿ ಆರಿಸಿದ ನೀರಿನಲ್ಲಿ ಬೆರೆಸಿದ್ದು.

ಬುಧವಾರ ಮೊದಲನೆಯದು ಹಸಿರು, ಎರಡನೆಯದು ಸ್ವಚ್ಛ. ವಾರ್ಡಿಗೆ ಹೋಗಿ ಬಾಟಲಿಗೆ ಕೈ ಹಾಕಿದೆ. ಹೆಡ್ ನರ್ಸ್ ಲೀಲಾವತಿ ಅಡ್ಡ ಬಂದರು.

“ನನ್ನ ಟ್ರಾಲಿ ಮುಟ್ಬೇಡಿ ಸಾರ್. ಇಷ್ಟು ವರ್ಷದಲ್ಲಿ ಈ ಬಾಟ್ಲಿ ಒಂದಿನಾನೂ ಖಾಲಿ ಬಿಟ್ಟಿಲ್ಲ ನಾನು.”

“ತೊಳ್ದಿದ್ದು ಯಾವಾಗ?”

“ಖಾಲೀನೇ ಆಗ್ದಿರೋದನ್ನ ಯಾಕ್ರೀ ತೊಳೀಬೇಕು?”

ಅರ್ಧ ಇಳಿದಾಗಲೆಲ್ಲ ಅದಕ್ಕೇ ಒಂದಿಷ್ಟು ಔಷಧಿ, ನಲ್ಲಿ ನೀರು ಸುರಿಯುತ್ತಿದ್ದರು. ಔಷಧಿಯ ಬಲವನ್ನು ಕಾರ್ಕ್ ಬಿರಡೆ ಹೀರುತ್ತಿತ್ತು. ತಳದಲ್ಲಿ ಉಳಿದ ಬ್ಯಾಕ್ಟೀರಿಯಾ ಆ ಸಪ್ಪೆ ದ್ರಾವಣದಲ್ಲೇ ಬದುಕಲು ಕಲಿತಿತ್ತು. ರೌಂಡ್ಸ್‌ಗೆ ಬಂದ ಸರ್ಜನ್ ಎರಡೂ ಪ್ಲೇಟ್ ನೋಡಿ, ಬಾಟಲಿಯನ್ನು ಟ್ರಾಲಿಯಿಂದ ತೆಗೆಸಿದರು.

ಮಂಗಳವಾರದಿಂದ ಬುಧವಾರದೊಳಗೆ ಗೌರಮ್ಮನವರ ಗಾಯವನ್ನು ಅದೇ ಬಾಟಲಿಯಿಂದ ಮೂರು ಸಲ ತೊಳೆದಿದ್ದರು. ಸೋಂಕು ರಕ್ತಕ್ಕೇರಿ ಶುಕ್ರವಾರ ತೀರಿಕೊಂಡರು.

ವಾರ್ಡಿನಲ್ಲಿ ಬಾಟಲಿಯ ಸುದ್ದಿ ಕೇಳಿದ ಅವರ ಗಂಡ ಲ್ಯಾಬಿನ ಬಾಗಿಲಿಗೆ ಬಂದರು. “ನಿಮ್ಗೆ ಯಾವತ್ತು ಗೊತ್ತಾಯ್ತು?”

“ಮಂಗಳವಾರ.”

“ಮಂಗಳವಾರಾನೇ ಗೊತ್ತಿತ್ತಾ? ಎತ್ತಿ ಬಿಸಾಕೋಕೆ ಏನ್ ರೋಗ ನಿಮ್ಗೆ?”

ಸಾವಿಗೆ ಆ ಮೂರು ಸಲವೇ ಕಾರಣವೆಂದು ಹೇಳಲಾರೆ. ಸೋಂಕು ಮೊದಲೇ ಇತ್ತು. ಅಲ್ಲವೆಂದೂ ಹೇಳಲಾರೆ. ಆಮೇಲಿನ ನೌಕರಿಯುದ್ದಕ್ಕೂ, ಅನುಮಾನ ಬಂದ ದ್ರಾವಣದ ಕೆಲವು ಹನಿ ಪರೀಕ್ಷೆಗೆ ಎತ್ತಿಟ್ಟುಕೊಂಡು ಉಳಿದದ್ದನ್ನು ಮೊದಲು ಚೆಲ್ಲಿದೆ. ಬೈಗುಳವನ್ನು ಆಮೇಲೆ ಕೇಳಿಸಿಕೊಂಡೆ.