ಕುಡಿದ ಮೇಲಿನ ಕಷಾಯ

ಮೊನ್ನೆ ಗಾಂಧಿಬಜಾರಿನ ಗ್ರಂಧಿಗೆ ಅಂಗಡಿಯವರು ಒಣಗಿದ ಅಮೃತಬಳ್ಳಿಯ ಚೀಲ ಬಿಚ್ಚಿದರು. ಮಣ್ಣು ಬೆರೆತಂಥ ಆ ಕಹಿ ವಾಸನೆ ಮೂಗಿಗೆ ತಾಗಿದ್ದೇ ತಡ, ನಮ್ಮ ಮೇಡಂ ನೆನಪಾದರು.

ಬಸವನಗುಡಿಯ ಕಾಲೇಜೊಂದರಲ್ಲಿ ಅವರು ಜೀವರಸಾಯನ ವಿಜ್ಞಾನ ಕಲಿಸುತ್ತಿದ್ದರು. ಎಂ.ಎಸ್ಸಿ. ಮುಗಿಸಿ ನಾನು ಅವರ ಲ್ಯಾಬಿಗೆ ಸೇರಿದ್ದೆ. ಕಾಟನ್ ಸೀರೆಯ ಮೇಲೆ ಗುಂಡಿ ಕಿತ್ತ ಬಿಳಿ ಕೋಟು, ಯಾವಾಗಲೂ ಅವಸರದ ನಡಿಗೆ. ಮಾತು ಮಾತ್ರ ನಿಧಾನ...

ಒಮ್ಮೆ ಅಮೃತಬಳ್ಳಿ ಕಷಾಯದ ಪುಡಿ ಮಾಡುವ ವ್ಯಾಪಾರಿಯೊಬ್ಬರು ಬಂದರು. ಅವರ ಪುಡಿಯನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಟ್ಟರೆ ಲ್ಯಾಬಿಗೆ ಹೊಸ ಯಂತ್ರ ಕೊಡಿಸುವುದಾಗಿ ಹೇಳಿದರು. ನಮ್ಮ ಹಳೆಯ ಯಂತ್ರ ವಾರಕ್ಕೊಮ್ಮೆ ಮುಷ್ಕರ ಹೂಡುತ್ತಿತ್ತು, ಪ್ರಿನ್ಸಿಪಾಲರಿಗೆ ಸಂತೋಷವೋ ಸಂತೋಷ. ಪುಡಿಯನ್ನು ಬಿಸಿನೀರಿನಲ್ಲಿ ಕುದಿಸಿ, ಸೋಸಿ ನೋಡಿದೆವು. ಜೀವಕೋಶಗಳನ್ನು ಕಾಪಾಡುತ್ತವೆ ಎನ್ನುವ ಅಂಶಗಳು ಅದರಲ್ಲಿ ಧಾರಾಳವಾಗಿದ್ದವು. ಸುದ್ದಿ ತಿಳಿದ ವ್ಯಾಪಾರಿ, ವರದಿ ಕೈಗೆ ಸಿಗುವ ಮೊದಲೇ ಊರೆಲ್ಲ ಹೇಳಿಕೊಂಡು ಬಂದರು.

ಮೇಡಂ ಅಲ್ಲಿಗೆ ನಿಲ್ಲಿಸಲಿಲ್ಲ. ಅದೇ ಕಷಾಯಕ್ಕೆ ಹೊಟ್ಟೆಯಲ್ಲಿರುವಂಥ ಆಮ್ಲ ಬೆರೆಸಿದರು. ಆಮೇಲೆ ಕರುಳಿನಲ್ಲಿರುವಂಥ ಜೀರ್ಣರಸ ಬೆರೆಸಿ, ಮೈಶಾಖದಲ್ಲಿಟ್ಟು ಮತ್ತೆ ಅಳೆದರು. ಅರ್ಧಕ್ಕಿಂತ ಹೆಚ್ಚು ಗುಣ ಹೋಗಿಬಿಟ್ಟಿತ್ತು.

ಮೊದಲಿನ ಫಲಿತಾಂಶವೊಂದನ್ನೇ ಬರೆದುಕೊಡಿ ಎಂದು ವ್ಯಾಪಾರಿ ಕೇಳಿದರು. ಪ್ರಿನ್ಸಿಪಾಲರೂ ಅದಕ್ಕೆ ದನಿಗೂಡಿಸಿದರು. ಮೇಡಂ ದನಿ ಏರಿಸಲಿಲ್ಲ.

“ಜನ ಕಷಾಯಾನ ಟ್ಯೂಬಲ್ಲಿ ಇಟ್ಕೊಂಡು ನೋಡಲ್ಲ, ಕುಡೀತಾರೆ. ಕುಡಿದ್ಮೇಲೆ ಏನಾಗತ್ತೆ ಅನ್ನೋದನ್ನ ಬಿಟ್ಟು ನಾನು ಸೈನ್ ಹಾಕಲ್ಲ.”

ವ್ಯಾಪಾರಿ ಎದ್ದು ಹೋದರು. ಹೊಸ ಯಂತ್ರವೂ ಹೋಯಿತು.

ಆ ಹೊತ್ತಿಗೆ ಶ್ರೀರಾಂಪುರದ ನಮ್ಮ ಮನೆಯಲ್ಲಿ ಅಪ್ಪ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು ಅದೇ ಪುಡಿಯ ಕಷಾಯ ಕುಡಿಯತೊಡಗಿದ್ದರು. ಪಾದದ ಗಾಯ ಮಾಯದೆ ಕೀವಾದಾಗಲೇ ನಮಗೆ ವಿಷಯ ತಿಳಿದದ್ದು. ನಾನು, ಅಮ್ಮ ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ಇದನ್ನು ಕೇಳಿದ ಮೇಡಂ ಅದೇ ಸಂಜೆ ನನ್ನ ಜೊತೆ ಬಸ್ಸು ಹತ್ತಿದರು.

ಅಪ್ಪ ಮೇಡಂಗೂ ಒಂದು ಲೋಟ ಕಷಾಯ ಕೊಡಿಸಿದರು. ನಿಮ್ಮ ಲ್ಯಾಬಿನಲ್ಲೇ ಇದಕ್ಕೆ ಶಕ್ತಿಯಿದೆ ಅಂತ ಬಂದಿದೆಯಂತಲ್ಲ ಎಂದು ಕೇಳಿದರು. ಮೇಡಂ ಒಂದು ಗುಟುಕು ಕುಡಿದು, ಚೆನ್ನಾಗಿದೆ ಎಂದರು. ಆಮೇಲೆ ಹೇಳಿದರು:

“ಲೋಟದಲ್ಲಿ ಶಕ್ತಿ ಇದೆ ಯಜಮಾನ್ರೆ. ಹೊಟ್ಟೆ ದಾಟೋ ಹೊತ್ತಿಗೆ ಜಾಸ್ತಿ ಉಳಿಯಲ್ಲ. ಇನ್ನು ನಿಮ್ಮ ಕಾಯಿಲೆಗೆ ಇದು ಆಗತ್ತೋ ಇಲ್ವೋ, ಅದನ್ನ ನಾವು ನೋಡೇ ಇಲ್ಲ. ಮಾತ್ರೆ ಬಿಡ್ಬೇಡಿ. ನಾಳೆ ಡಾಕ್ಟರ ಹತ್ರ ಹೋಗೋಣ, ನಾನೂ ಬರ್ತೀನಿ.”

ಅಪ್ಪ ತಮ್ಮ ಲೋಟ ಪಕ್ಕಕ್ಕೆ ಸರಿಸಿ, ಮಾತ್ರೆ ತರಲು ಅಮ್ಮನಿಗೆ ಹೇಳಿದರು. ಮರುದಿನ ಮೇಡಂ ನಿಜವಾಗಿಯೂ ಬಂದರು. ಎರಡು ಬೆರಳು ತೆಗೆಯಬೇಕಾಯಿತು, ಕಾಲು ಉಳಿಯಿತು. ಈಗಲೂ ಅಪ್ಪ ಆ ಕಾಲಿನಲ್ಲೇ ಹಾಲು ತರಲು ಹೋಗುತ್ತಾರೆ.

ಮುಂದಿನ ವರ್ಷಗಳಲ್ಲಿ ಮೇಡಂಗೆ ವಿಭಾಗದ ಮುಖ್ಯಸ್ಥರಾಗುವ ಅವಕಾಶ ಸಿಗಲಿಲ್ಲ. ಅದರ ಬಗ್ಗೆ ಅವರು ಗೊಣಗಿದ್ದನ್ನು ನಾನು ಕೇಳಿಲ್ಲ. ಹಳೆಯ ಯಂತ್ರವನ್ನು ರಿಪೇರಿ ಮಾಡಿಸಿಕೊಂಡು, ಒಂದಾದ ಮೇಲೊಂದು ಸೊಪ್ಪು, ಬೇರು, ತೊಗಟೆಯ ಕಷಾಯ ಪರೀಕ್ಷಿಸುತ್ತಲೇ ನಿವೃತ್ತರಾದರು. ಹೋದ ವರ್ಷ ತೀರಿಕೊಂಡರು.

ಈಗ ನನಗೂ ಒಂದು ಲ್ಯಾಬಿದೆ, ವಿದ್ಯಾರ್ಥಿಗಳಿದ್ದಾರೆ. ಈ ತಿಂಗಳು ನಾವು ನೋಡಿದ ಒಂದು ತೊಗಟೆಯ ಕಷಾಯದಲ್ಲಿ, ಜೀರ್ಣರಸ ಬೆರೆಸಿದ ಮೇಲೆ ಗುಣ ಕುಗ್ಗಲಿಲ್ಲ, ಏರಿತು. ಬೇರೆ ವಸ್ತುಗಳೊಂದಿಗೆ ಬಿಗಿದುಕೊಂಡಿದ್ದ ಅಂಶಗಳನ್ನು ಜೀರ್ಣರಸ ಬಿಡಿಸಿತ್ತು. ನಂಬದೆ ಮತ್ತೆ ಮತ್ತೆ ಮಾಡಿದೆವು, ಪ್ರತಿ ಸಲವೂ ಅಷ್ಟೇ ಬಂತು. ವಿದ್ಯಾರ್ಥಿಗಳು ಕುಣಿದಾಡಿದರು. ನನಗೂ ಹಿಗ್ಗಾಯಿತು. ಆದರೆ ಇದನ್ನು ನೋಡಿ, ಇನ್ನೂ ಏನೇನು ಕೇಳಬೇಕು ಎಂದು ನಿಧಾನವಾಗಿ ಹೇಳುವವರು ಈಗ ಇಲ್ಲ.