ಭಿನ್ನರಾಶಿಯ ಫಲ

ಅಂಜುಮ್ ಟೀಚರಿಗೆ ಸಿಟ್ಟು ಬಂದದ್ದು ಮೊದಲು ಗೊತ್ತಾಗುವುದು ಸೀಮೆಸುಣ್ಣಕ್ಕೆ. ಕರಿಹಲಗೆಯ ಮೇಲೆ ಪಟ್ಟನೆ ಮುರಿಯುತ್ತದೆ, ತರಗತಿ ಗಪ್‌ಚಿಪ್ ಆಗುತ್ತದೆ. ಆ ಸಿಟ್ಟು ತಮ್ಮ ಮೇಲಲ್ಲ ಎಂದು ಮಕ್ಕಳಿಗೂ ಗೊತ್ತು. ಅದು ಬರುವುದು ಕಾಗದದ ಮೇಲೆ. ಬಿಸಿಯೂಟದ ಕಾಗದ, ಹಾಜರಾತಿಯ ಕಾಗದ, ಕಳಿಸಿದ ಕಾಗದ ಬಂತೋ ಇಲ್ಲವೋ ಎಂದು ಕೇಳುವ ಕಾಗದ. ಇಪ್ಪತ್ತೊಂದು ವರ್ಷದ ನೌಕರಿಯಲ್ಲಿ ಪಾಠ ಮಾಡಿದ್ದಕ್ಕಿಂತ ಪಾಠ ಮಾಡಿದೆ ಎಂದು ಬರೆದುಕೊಟ್ಟದ್ದೇ ಹೆಚ್ಚಾಯಿತು ಎಂದು ಮನೆಯಲ್ಲಿ ಗೊಣಗುತ್ತಾರೆ. ಗಂಡ ಈಗ ಹೂಂಗುಟ್ಟುವುದನ್ನೂ ಬಿಟ್ಟಿದ್ದಾನೆ.

ಮನೆ ಇರುವುದು ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ. ಶಾಲೆ ಗುತ್ತೂರಿನ ಕಡೆ, ನಾಲ್ಕು ಕೋಣೆಯ ಸರ್ಕಾರಿ ಶಾಲೆ. ಬಸ್ ಸ್ಟ್ಯಾಂಡಿನವರೆಗೆ ಸ್ಕೂಟರು, ಅಲ್ಲಿಂದ ಹರಿಹರಕ್ಕೆ ಬಸ್ಸು, ಮುಂದಕ್ಕೆ ಆಟೊ. ವರ್ಗ ಮಾಡಿಸಿಕೊಳ್ಳಬಹುದಿತ್ತು, ಮಾಡಿಸಿಕೊಳ್ಳಲಿಲ್ಲ. ಅವರು ಹುಟ್ಟಿ ಬೆಳೆದದ್ದು ಹರಿಹರದಲ್ಲೇ.

ತಂದೆ ಬುಡನ್ ಸಾಬ್ ಬಡಗಿ. ಒಂದಕ್ಷರ ಓದು ಬರದ ಮನುಷ್ಯ, ಆದರೆ ಬಾಗಿಲಿನ ಚೌಕಟ್ಟು ನೋಡಿದ ಕೂಡಲೇ ಕಾಲಿಂಚು ಹೆಚ್ಚಾಗಿದೆ ಎಂದು ಹೇಳಿಬಿಡುತ್ತಿದ್ದ. ಅಂಜುಮ್ ನಾಲ್ಕನೇ ತರಗತಿಯಲ್ಲಿದ್ದಾಗ ಭಿನ್ನರಾಶಿ ಎಂಬ ಹೆಸರು ಕೇಳಿಯೇ ಅಳುತ್ತ ಮನೆಗೆ ಬಂದಿದ್ದರು. ಮನೆಯ ಮಾತು ಉರ್ದು, ಓಣಿಯ ಮಾತು ಕನ್ನಡ. ಈ ಭಿನ್ನರಾಶಿ ಎರಡೂ ಕಡೆ ಸೇರಿರಲಿಲ್ಲ. ಅಪ್ಪ ಅಳತೆಯ ಟೇಪು ಬಿಚ್ಚಿ ಹಲಗೆಯ ಮೇಲೆ ಎಳೆದು, "ಇದು ಪಾವ್, ಇದು ಆಧಾ, ಇದು ಪೌನ್. ಬಸ್, ಇತ್ತಾಚ್ ಬೇಟಾ" ಅಂದಿದ್ದ. ಇಷ್ಟೇ ನೋಡು ಮಗಳೇ ಅಂತ. ಕಾಲು, ಅರ್ಧ, ಮುಕ್ಕಾಲು. ಜನಕ್ಕೆ ಗೊತ್ತಿರುವುದಕ್ಕೇ ಬೇರೆ ಹೆಸರಿಟ್ಟು ಹೆದರಿಸುತ್ತಾರೆ ಎಂಬ ಗುಮಾನಿ ಅಂಜುಮ್‌ಗೆ ಅಂದೇ ಹುಟ್ಟಿತು. ಟೀಚರಾದ ಮೇಲೆ ಅದು ಗುಮಾನಿಯಾಗಿ ಉಳಿಯಲಿಲ್ಲ, ಖಾತ್ರಿಯಾಯಿತು.

ಈ ವರ್ಷ ದಸರಾ ರಜೆ ಮುಗಿದ ವಾರ ಮತ್ತೊಂದು ಕಾಗದ ಬಂತು. ಎರಡನೇ ಅವಧಿಯಲ್ಲಿ ಮಕ್ಕಳು ಏನೇನು ಕಲಿಯುತ್ತಾರೆ ಎಂದು ಪ್ರತಿ ತಂದೆತಾಯಿಗೂ ಒಂದು ಹಾಳೆ ಬರೆದು ಕಳಿಸಬೇಕಂತೆ. ಅಂಜುಮ್ ಟೀಚರ್ ಅಪರೂಪಕ್ಕೆ ಖುಷಿಪಟ್ಟರು. ಅವರ ತಲೆಯಲ್ಲಿದ್ದವಳು ಚೌಡೇಶ್ವರಿ.

ಚೌಡೇಶ್ವರಿ ನಾಲ್ಕನೇ ತರಗತಿ. ಚುರುಕು ಹುಡುಗಿ, ಆದರೆ ನವೆಂಬರ್ ಬಂತೆಂದರೆ ಮೂರು ವಾರ ಮಾಯ. ತಾಯಿ ಮರಿಯವ್ವನ ತವರು ನಂದಿಗುಡಿ. ಅಲ್ಲಿ ಅಣ್ಣನ ಭತ್ತದ ಗದ್ದೆ. ಕೊಯ್ಲಿಗೆ ಮಷಿನ್ ಬಂದಿದೆ, ಒಣಗಿಸುವುದಕ್ಕೆ ಬಂದಿಲ್ಲವಲ್ಲ. ರಸ್ತೆಯ ಮೇಲೆ ಹರವಿದ ಭತ್ತವನ್ನು ಕಾಲಿನಿಂದ ಕೆದರಿ ಹೊರಳಿಸಬೇಕು, ಆಡು ಕೋಳಿ ಓಡಿಸಬೇಕು, ನಡುವೆ ಮಾವನ ಕೂಸನ್ನೂ ಎತ್ತಿಕೊಳ್ಳಬೇಕು. ಹೋದ ವರ್ಷ ಆ ಮೂರು ವಾರದಲ್ಲಿ ಭಾಗಾಕಾರ ತಪ್ಪಿತು. ಇವತ್ತಿಗೂ ಭಾಗಾಕಾರ ಅಂದರೆ ಹುಡುಗಿ ತಲೆ ತಗ್ಗಿಸುತ್ತಾಳೆ. ಈ ವರ್ಷ ಅದೇ ಮೂರು ವಾರಕ್ಕೆ ಭಿನ್ನರಾಶಿ ಬಂದಿದೆ. ಇದೂ ತಪ್ಪಿದರೆ ಐದನೇ ತರಗತಿಯಲ್ಲಿ ಹಿಂದಿನ ಸಾಲೇ ಗತಿ. ಹಿಂದಿನ ಸಾಲಿಗೆ ಹೋದ ಹೆಣ್ಣುಮಕ್ಕಳು ಏಳನೇ ತರಗತಿ ಮುಟ್ಟುವಷ್ಟರಲ್ಲಿ ಶಾಲೆಯಿಂದಲೇ ಜಾರಿಕೊಳ್ಳುವುದನ್ನು ಅಂಜುಮ್ ಒಂದಲ್ಲ ಎರಡಲ್ಲ, ಹನ್ನೊಂದು ಸಲ ನೋಡಿದ್ದಾರೆ. ಹನ್ನೊಂದೂ ಹೆಸರು ಅವರಿಗೆ ನೆನಪಿದೆ.

ಹಾಗಾಗಿ ಹಾಳೆಯಲ್ಲಿ ಹೀಗೆ ಬರೆದರು: "ನವೆಂಬರ್ ಮೂರನೇ ವಾರದಿಂದ ಒಂದು ರೊಟ್ಟಿಯನ್ನು ನಾಲ್ಕು ಜನಕ್ಕೆ ಸಮ ಹಂಚುವುದು ಕಲಿಸುತ್ತೇವೆ. ಕಾಲು, ಅರ್ಧ, ಮುಕ್ಕಾಲು. ಕಾಲು ಕಿಲೋ, ಅರ್ಧ ಲೀಟರು, ಮುಕ್ಕಾಲು ಗಂಟೆ. ಇದು ತಪ್ಪಿದರೆ ಮುಂದಿನ ವರ್ಷದ ಲೆಕ್ಕ ತಲೆಗೆ ಹತ್ತುವುದಿಲ್ಲ. ದಯವಿಟ್ಟು ಈ ಮೂರು ವಾರ ಮಗುವನ್ನು ಶಾಲೆ ಬಿಡಿಸಬೇಡಿ."

ಹೆಡ್‌ಮಾಸ್ಟರ್ ರಾಘವೇಂದ್ರ ಕೆಟ್ಟವರಲ್ಲ. ಆದರೆ ಮೇಲಿನಿಂದ ಫೋನ್ ಬಂದರೆ ಕುಂತಲ್ಲೇ ಎದ್ದು ನಿಲ್ಲುವ ಜಾತಿ. ಹಾಳೆ ಓದಿ ಕನ್ನಡಕ ತೆಗೆದರು.

"ಮೇಡಂ, ರೊಟ್ಟಿ ಗಿಟ್ಟಿ ಎಲ್ಲಾ ಬ್ಯಾಡ್ರಿ. ಇದರದೊಂದು ಕಾಪಿ ಆಫೀಸಿಗೆ ಹೋಗ್ತೈತೆ. ನಮೂನೆ ಕೊಟ್ಟಾರಲ್ಲ, ಹಂಗೇ ತುಂಬ್ರಿ."

"ತಂದೆತಾಯಿಗೆ ತಿಳೀಬೇಕಲ್ರೀ ಸಾರ್?"

"ಅವ್ರು ಎಲ್ಲಿ ಓದ್ತಾರ್ರೀ? ಓದೋರು ಆಫೀಸಿನೋರು."

ಎತ್ತು ಏರಿಗೆ, ಕೋಣ ನೀರಿಗೆ. ಕಾಲು ಗಂಟೆ ವಾದ ಮಾಡಿದರು ಅಂಜುಮ್. ಆಮೇಲೆ ಬಸ್ಸಿನ ಹೊತ್ತಾಯಿತು. ಹಾಳಾಗಿ ಹೋಗಲಿ ಎಂದು ಕೂತು ನಮೂನೆಯನ್ನು ತಮ್ಮ ಕೈಯಾರೆ ತುಂಬಿದರು. ಒಂದು ಕಾಲಮ್ಮಿನ ತಲೆಯ ಮೇಲೆ "ಘಟಕ", ಇನ್ನೊಂದರ ಮೇಲೆ "ಕಲಿಕಾ ಫಲ". ಘಟಕದ ಕಾಲಮ್ಮು ಎಷ್ಟು ಇಕ್ಕಟ್ಟೆಂದರೆ "ಭಿನ್ನ" ಮೇಲಿನ ಸಾಲಿಗೆ, "ರಾಶಿ" ಕೆಳಗಿನ ಸಾಲಿಗೆ ಬಂತು. ಫಲದ ಕೆಳಗೆ ಬರೆದದ್ದು: "ಪರಿಕಲ್ಪನೆಯನ್ನು ಮೂರ್ತ ವಸ್ತುಗಳ ಮೂಲಕ ಗ್ರಹಿಸುವರು." ಮಗುವನ್ನು ಬಿಡಿಸಬೇಡಿ ಎಂದು ಬರೆಯಲು ನಮೂನೆಯಲ್ಲಿ ಜಾಗವೇ ಇರಲಿಲ್ಲ.

ನವೆಂಬರ್ ಎರಡನೇ ವಾರದ ಶನಿವಾರ ತಂದೆತಾಯಿಯರ ಸಭೆ. ಮೂವತ್ತು ಜನ ಬಂದಿದ್ದರು. ಹರಿಹರದಲ್ಲಿ ತರಕಾರಿ ಗಾಡಿ ತಳ್ಳುವ ಮುನಾಫ್, ನಾಲ್ಕನೇ ತರಗತಿಯ ನೌಮಾನನ ತಂದೆ, ಹಾಳೆ ಹಿಡಿದುಕೊಂಡು ಸಂಕೋಚದಿಂದ ಎದ್ದ.

"ಮೇಡಂ, ತಪ್ಪು ತಿಳೀಬ್ಯಾಡ್ರಿ. ನೀವೂ ನಮ್ಮೋರೇ. ನಮ್ಮ ಹುಡುಗನಿಗೆ ಈ ರಾಶಿ ಫಲ ಒಂದು ಬ್ಯಾಡ್ರಿ. ನಮ್ಮಲ್ಲಿ ಅದೆಲ್ಲ ನೋಡಂಗಿಲ್ಲ."

ಅಂಜುಮ್‌ಗೆ ಅರೆಕ್ಷಣ ತಿಳಿಯಲಿಲ್ಲ. ಆಮೇಲೆ ತಾವೇ ಬರೆದ ಹಾಳೆ ನೋಡಿದರು. ರಾಶಿ. ಪಕ್ಕದಲ್ಲಿ ಫಲ. ಮೇಷ, ವೃಷಭ ಒಂದು ಬಾಕಿ. ಯಾರೋ ಕಿಸಕ್ಕೆಂದರು, ಹೆಡ್‌ಮಾಸ್ಟರು ಕಿಟಕಿಯ ಕಡೆ ತಿರುಗಿಕೊಂಡರು. ಅಷ್ಟರಲ್ಲಿ ಹಿಂದಿನಿಂದ ಮರಿಯವ್ವ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಆ ರಾಶಿ ಅಲ್ರೀ ಅಣ್ಣ. ಭತ್ತದ ರಾಶಿ. ಮಗಳು ಓದಿ ಹೇಳಿದ್ಲು. ಒಳ್ಳೇದೇ ಆತು ಟೀಚರ್ರೇ, ಈ ಮೂರು ವಾರ ನಾವು ನಂದಿಗುಡ್ಯಾಗ ಅದನ್ನೇ ಮಾಡೋದು. ನಿಮ್ಮ ಪಾಠ ತಪ್ಪಂಗಿಲ್ಲ. ಬರ್ತೀನ್ರಿ, ಬಸ್ಸಿಗೆ ಹೊತ್ತಾತು." ಚೀಲ ಎತ್ತಿಕೊಂಡು, ಮಗಳ ಕೈಹಿಡಿದು ಹೊರಟೇಬಿಟ್ಟಳು.

ಅಂಜುಮ್ ಹಲಗೆಯ ಮೇಲೆ ಒಂದು ಗುಂಡನೆಯ ರೊಟ್ಟಿ ಬರೆದು ನಾಲ್ಕು ಭಾಗ ಮಾಡಿ, "ಇದು ಪಾವ್, ಇದು ಆಧಾ. ಇಷ್ಟೇ ಮುನಾಫ್ ಭಾಯ್" ಅಂದರು. ಮುನಾಫ್ ಒಂದೇ ಏಟಿಗೆ ಹಿಡಿದ. "ಪಾವ್ ಕಿಲೋ ಅನ್ರಿ ಮತ್ತೆ. ದಿನಾ ತೂಗೋದೇ ಅದು. ಹಂಗಂತ ಬರೀಬೇಕಿತ್ತಲ್ರೀ ಮೇಡಂ." ಅಂಜುಮ್ ಸೀಮೆಸುಣ್ಣ ಮೇಜಿನ ಮೇಲಿಟ್ಟು, ಸಭೆಯನ್ನು ಹೆಡ್‌ಮಾಸ್ಟರ ಪಾಲಿಗೆ ಬಿಟ್ಟು ರಸ್ತೆಗೆ ಓಡಿದರು.

ಹರಿಹರದ ಆಟೊ ನಿಂತಿತ್ತು. ಜನ ತುಂಬಲಿ ಎಂದು ಡ್ರೈವರು ಕಾಯುತ್ತಿದ್ದ. ತಾಯಿ ಮಗಳು ಆಗಲೇ ಒಳಗೆ ಕೂತಿದ್ದರು.

"ಮರಿಯವ್ವಾ, ಅದು ಭತ್ತದ ರಾಶಿ ಅಲ್ಲವ್ವ. ಕಾಲು, ಅರ್ಧ, ಮುಕ್ಕಾಲು ಅಂತಾರಲ್ಲ, ಆ ಲೆಕ್ಕ. ಇವಳಿಗೆ ಹೋದ ವರ್ಷದ್ದೇ ಒಂದು ತಪ್ಪೈತೆ. ಇದೂ ತಪ್ಪಿದ್ರೆ ಮುಂದಕ್ಕೆ ಕಷ್ಟ ಆಗ್ತೈತೆ."

ಮರಿಯವ್ವ ಮಗಳ ಮುಖ ನೋಡಿದಳು.

"ಮುಕ್ಕಾಲು ಅಂದ್ರೆ ನನಗೂ ತಡಬಡ ಆಗ್ತೈತ್ರಿ. ಸಂತ್ಯಾಗ ಅವ್ರು ತೂಗಿದ್ದೇ ಸರಿ ಅಂತ ತರ್ತೀನಿ. ಇದನ್ನ ಮೊದ್ಲೇ ಯಾಕ ಬರೀಲಿಲ್ರಿ? ಗೊತ್ತಿದ್ರೆ ಅವರಪ್ಪನ ಹತ್ರ ಬಿಟ್ಟು ಹೋಗ್ತಿದ್ದೆ."

"ಈಗ್ಲೂ ಬಿಡು."

"ಈಗ ಹೆಂಗ್ರಿ? ಮಗಳು ಇರಂಗಿಲ್ಲ ಅಂತ ಅವರಪ್ಪ ಫ್ಯಾಕ್ಟರ್ಯಾಗ ರಾತ್ರಿ ಪಾಳಿ ತಗೊಂಡಾನ. ತಿಂಗಳು ಪೂರ್ತಿ ಬದಲಾಯಿಸಂಗಿಲ್ಲಂತೆ. ಹೆಣ್ಣು ಹುಡುಗಿನ ಮನ್ಯಾಗ ಒಬ್ಬಳನ್ನೇ ಬಿಡ್ಲೇನ್ರಿ?"

ನಮ್ಮನೆಗೆ ಕಳಿಸು ಎಂಬ ಮಾತು ಅಂಜುಮ್ ಬಾಯಿಗೆ ಬಂತು. ಎರಡು ಕೋಣೆಯ ಮನೆ, ಹಾಸಿಗೆ ಹಿಡಿದ ಅತ್ತೆ, ಮೂರು ವಾರ. ಮಾತು ಹೊರಗೆ ಬರಲಿಲ್ಲ. ಹೆಡ್‌ಮಾಸ್ಟರನ್ನು ಬೈಯೋಣವೆಂದರೆ ಹಾಳೆಯಲ್ಲಿದ್ದ ಅಕ್ಷರ ಅವರದಲ್ಲ. ಕಾಲು ಗಂಟೆಯ ಬದಲು ಅರ್ಧ ಗಂಟೆ ಜಗಳ ಆಡಿದ್ದರೆ, ಒಂದು ಬಸ್ಸು ತಪ್ಪಿಸಿಕೊಂಡಿದ್ದರೆ ಆಗುತ್ತಿತ್ತು. ತಮ್ಮ ಮೇಲೆ ಅವರಿಗೆ ಇಷ್ಟು ಸಿಟ್ಟು ಎಂದೂ ಬಂದಿರಲಿಲ್ಲ.

ಆಟೊಗೆ ಇನ್ನಿಬ್ಬರು ಹತ್ತಿದರು. ಚೌಡೇಶ್ವರಿ ಅವರ ನಡುವಿನಿಂದ ಮುಖ ಹೊರಗೆ ಹಾಕಿದಳು.

"ಟೀಚರ್, ನಾನು ಬರೋ ಹೊತ್ತಿಗೆ ಮುಕ್ಕಾಲು ಮುಗಿದಿರ್ತೈತಾ?"

"ಮುಗಿದಿರ್ತೈತವ್ವ" ಅಂದರು ಅಂಜುಮ್.

ಹುಡುಗಿ ಸರಿ ಎನ್ನುವಂತೆ ತಲೆಯಾಡಿಸಿ, ಗಣಿತದ ಪುಸ್ತಕ ತುರುಕಿದ್ದ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು.