ಖಾಲಿ ಬಿಟ್ಟವಳ ಸಿಇಟಿ

ಬಂಟ್ವಾಳದ ಪದವಿಪೂರ್ವ ಕಾಲೇಜೊಂದರಲ್ಲಿ ನಾನು ಇಪ್ಪತ್ತೆಂಟು ವರ್ಷ ರಸಾಯನಶಾಸ್ತ್ರ ಕಲಿಸಿದೆ. ಮನೆ ಬೆಳ್ತಂಗಡಿಯ ಪಕ್ಕದ ಲಾಯಿಲದಲ್ಲಿ. ಬೆಳಿಗ್ಗೆ ಆರೂಮುಕ್ಕಾಲರ ಬಸ್ಸು, ಸಂಜೆ ಐದೂಕಾಲರ ಬಸ್ಸು. ಹಾಸ್ಟೆಲಿನಲ್ಲಿ ಗಂಟೆಯ ಸದ್ದಿಗೆ ಎದ್ದು ಗಂಟೆಯ ಸದ್ದಿಗೆ ಉಂಡು ಬೆಳೆದ ನನಗೆ ಇದು ಕಷ್ಟವೆನಿಸಲಿಲ್ಲ. ನನ್ನ ಲ್ಯಾಬಿನಲ್ಲಿಯೂ ಗಂಟೆ ಹೊಡೆದ ಮೇಲೆ ಒಂದು ಹನಿ ಬೀಳುವಂತಿರಲಿಲ್ಲ.

ಹನಿಯ ಮಾತು ಸುಮ್ಮನೆ ಹೇಳಿದ್ದಲ್ಲ. ಬ್ಯೂರೆಟ್ಟೆಂಬ ಗಾಜಿನ ಅಳತೆ ಕೊಳವೆಯಿಂದ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು, ಕೆಳಗಿನ ಫ್ಲಾಸ್ಕಿನಲ್ಲಿ ತೆಳು ಗುಲಾಬಿ ಬಣ್ಣ ನಿಂತ ಕೂಡಲೇ ನಿಲ್ಲಿಸಬೇಕು. ಎಷ್ಟು ಇಳಿಯಿತೆಂದು ನೋಡಿ ಬರೆಯಬೇಕು. ಹೀಗೆ ಮೂರು ಸಲ. ಉತ್ತರ ಎಷ್ಟು ಬರಬೇಕೆಂಬುದು ಹಿಂದಿನ ವರ್ಷದ ಮಕ್ಕಳ ರೆಕಾರ್ಡ್ ಪುಸ್ತಕದಲ್ಲಿ ಇದ್ದೇ ಇರುತ್ತಿತ್ತು. ಹಾಗಾಗಿ ಒಂದು ಸಲ ಮಾಡಿ, ಉಳಿದೆರಡನ್ನು ಊಹಿಸಿ ಬರೆಯುವವರೇ ಹೆಚ್ಚು. ಮಕ್ಕಳು ಅದನ್ನು ‘ಅಡುಗೆ ಮಾಡುವುದು’ ಎನ್ನುತ್ತಿದ್ದರು. ನನ್ನ ಲ್ಯಾಬಿನ ನಿಯಮ ಒಂದೇ: ಕಣ್ಣಾರೆ ಕಾಣದ ಅಂಕಿಯನ್ನು ಬರೆಯಬಾರದು. ಸಮಯ ಸಾಕಾಗದಿದ್ದರೆ ಆ ಸಾಲನ್ನು ಖಾಲಿ ಬಿಡಬೇಕು.

ಈ ನಿಯಮವನ್ನು ಅಕ್ಷರಶಃ ಪಾಲಿಸಿದವಳು ಒಬ್ಬಳೇ. ಪಾಣೆಮಂಗಳೂರಿನ ಬ್ಯಾರಿ ಮುಸ್ಲಿಮರ ಹುಡುಗಿ. ತಂದೆಗೆ ಅಲ್ಲಿಯೇ ಚಪ್ಪಲಿ, ಕೊಡೆಗಳ ಸಣ್ಣ ಅಂಗಡಿ. ಒಂದು ಮಧ್ಯಾಹ್ನ ಅವಳ ಮೊದಲೆರಡು ಅಂಕಿಗಳು ಒಂದಕ್ಕೊಂದು ಹೊಂದಲಿಲ್ಲ. ಮೂರನೆಯದನ್ನು ಶುರು ಮಾಡುವಾಗ ಗಂಟೆ ಹೊಡೆಯಿತು. ಅವಳು ಮೂರನೆಯ ಸಾಲನ್ನು ಖಾಲಿ ಬಿಟ್ಟು ಪುಸ್ತಕ ಕೊಟ್ಟಳು. ಪಕ್ಕದ ಮೇಜಿನವನು ಮೂರು ಸಾಲಿಗೂ ಒಂದೇ ಅಂಕಿ ಹಾಕಿದ್ದ. ಅವನ ಬ್ಯೂರೆಟ್ಟು ಒದ್ದೆಯೇ ಆಗಿರಲಿಲ್ಲ. ನಾನು ಅವಳಿಗೆ ಹತ್ತರಲ್ಲಿ ಎಂಟು ಕೊಟ್ಟೆ, ಅವನಿಗೆ ಮೂರು.

“ಖಾಲಿಗೂ ಮಾರ್ಕು ಉಂಟಾ ಮೇಡಂ?” ಎಂದು ಅವನು ಕೇಳಿದ.

“ನಿನಗೆ ಸಿಕ್ಕಿದ ಮೂರು ನಿನ್ನ ಅಕ್ಷರ ಚಂದ ಉಂಟು ಅಂತ,” ಎಂದೆ.

ಲ್ಯಾಬಿನ ಅಟೆಂಡರ್ ಫ್ಲಾಸ್ಕು ತೊಳೆಯುತ್ತಾ, “ಖಾಲಿ ಬಿಟ್ಟವಳಿಗೆ ಎಂಟು, ತುಂಬಿಸಿದವನಿಗೆ ಮೂರು. ಇದೆಂತ ನ್ಯಾಯ ಮಾರಾಯ! ನಾಳೆಯಿಂದ ನಾನೂ ಅರ್ಧ ಫ್ಲಾಸ್ಕು ತೊಳೀತೇನೆ,” ಎಂದರು. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಅವಳಿಗೆ ಡಾಕ್ಟರ್ ಆಗಬೇಕಿತ್ತು. ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕು ಬಂದು ಸರ್ಕಾರಿ ಸೀಟು ಸಿಕ್ಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ದುಡ್ಡು ಕೊಟ್ಟು ಸೀಟು ತೆಗೆದುಕೊಳ್ಳುವ ಮನೆ ಅದಲ್ಲ. ಇದು ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನಡೆದದ್ದು. ಮೂಡುಬಿದಿರೆಯಲ್ಲಿ ಕೋಚಿಂಗ್ ಜೋರಾಗಿತ್ತು. ಪಿಯುಸಿ ಪರೀಕ್ಷೆ ಮುಗಿದ ಮರುದಿನವೇ ಮಕ್ಕಳು ಹಾಸಿಗೆ, ಬಕೆಟ್ಟು ಹಿಡಿದು ಅಲ್ಲಿಗೆ ಹೊರಡುತ್ತಿದ್ದರು. ಅವಳ ತಂದೆ ಕಾಲೇಜಿಗೆ ಬಂದು, ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದರು.

“ಎಲ್ಲರೂ ಮೂಡುಬಿದ್ರೆಗೆ ಹೋಗ್ತಾರೆ ಟೀಚರೇ. ಇವಳನ್ನೂ ಕಳಿಸುವುದಾ? ಕಷ್ಟ ಆದರೂ ಮಾಡುವ.”

“ಬೇಡ. ಅಲ್ಲಿ ಹೊಸತು ಎಂತದೂ ಕಲಿಸುವುದಿಲ್ಲ. ಪಾಠ ಪೂರ್ತಿ ಅವಳಿಗೆ ಗೊತ್ತುಂಟು,” ಎಂದೆ. ಅವರು ಮತ್ತೆ ಕೇಳಲಿಲ್ಲ. ಟೀಚರ್ ಹೇಳಿದ ಮೇಲೆ ಮುಗಿಯಿತು.

ನಾನು ಹೇಳಿದ್ದು ನಿಜವೇ. ಅಲ್ಲಿ ಹೊಸ ಪಾಠ ಕಲಿಸುತ್ತಿರಲಿಲ್ಲ. ಏನು ಕಲಿಸುತ್ತಿದ್ದರೆಂದು ತಿಳಿದುಕೊಳ್ಳುವ ಕೆಲಸವನ್ನು ಮಾತ್ರ ನಾನು ಮಾಡಲಿಲ್ಲ. ಆ ಪರೀಕ್ಷೆಯ ಸೂಚನೆಗಳ ಹಾಳೆಯನ್ನು ಕೂಡ ಸರಿಯಾಗಿ ಓದಿರಲಿಲ್ಲ. ನಾಲ್ಕು ಉತ್ತರ ಕೊಟ್ಟು ಒಂದಕ್ಕೆ ವೃತ್ತ ಕಪ್ಪು ಮಾಡಿಸುವ ಪರೀಕ್ಷೆಯ ಬಗ್ಗೆ ನನಗೆ ತಾತ್ಸಾರವಿತ್ತು.

ಸಿಇಟಿಯ ಮೊದಲ ದಿನ ಮೂಡುಬಿದಿರೆಯ ಒಂದು ಕೇಂದ್ರದಲ್ಲಿ ನನಗೆ ಮೇಲ್ವಿಚಾರಣೆಯ ಕೆಲಸ ಬಿತ್ತು. ನಮ್ಮ ಹುಡುಗಿ ಬರೆಯುತ್ತಿದ್ದದ್ದು ಮಂಗಳೂರಿನಲ್ಲಿ. ಬೆಳಿಗ್ಗೆ ಜೀವಶಾಸ್ತ್ರ. ಮುಗಿಯಲು ಐದು ನಿಮಿಷ ಇದೆಯೆಂದು ನಾನು ಎಚ್ಚರಿಸಿದ ಕೂಡಲೇ ಕೋಣೆಯಲ್ಲಿ ಒಂದು ವಿಚಿತ್ರ ನಡೆಯಿತು. ಮಕ್ಕಳು ಪ್ರಶ್ನೆಪತ್ರಿಕೆ ಮುಚ್ಚಿಟ್ಟರು. ಆದರೆ ಕೈ ನಿಲ್ಲಿಸಲಿಲ್ಲ. ಉತ್ತರದ ಹಾಳೆಯಲ್ಲಿ ಮೇಲಿನಿಂದ ಕೆಳಗೆ ಸರಸರನೆ ವೃತ್ತಗಳನ್ನು ತುಂಬಿಸುತ್ತಾ ಹೋದರು. ಎರಡನೆಯ ಬೆಂಚಿನ ಹುಡುಗಿಯ ಬಳಿ ಹೋಗಿ ಬಗ್ಗಿದೆ.

“ಪ್ರಶ್ನೆ ಓದದೆ ಎಂತ ಮಾಡ್ತಾ ಇದ್ದೀ?”

ಅವಳು ತಲೆಯೆತ್ತಲಿಲ್ಲ. “ಉಳಿದದ್ದಕ್ಕೆಲ್ಲ ‘ಸಿ’ ಹಾಕ್ತಾ ಇದ್ದೇನೆ ಮೇಡಂ. ತಪ್ಪಾದ್ರೆ ಮಾರ್ಕು ಕಟ್ ಮಾಡುವುದಿಲ್ಲ ಅಲ್ವಾ?”

ಅದು ನಿಯಮಕ್ಕೆ ವಿರುದ್ಧವೇನೂ ಅಲ್ಲ. ನಾನು ನನ್ನ ಕುರ್ಚಿಗೆ ಬಂದು ಕುಳಿತೆ. ಆಗ ನೆನಪಾದದ್ದು ಪಾಣೆಮಂಗಳೂರಿನ ಹುಡುಗಿಯ ಖಾಲಿ ಸಾಲು. ಗೊತ್ತಿಲ್ಲದ್ದನ್ನು ಅವಳು ಬರೆಯುವುದಿಲ್ಲ. ಅವಳಿಗೆ ಹಾಗೆ ಕಲಿಸಿದವಳು ನಾನು.

ಸಂಜೆ ವೇಣೂರಿನ ಮೇಲೆ ಬೆಳ್ತಂಗಡಿಗೆ ಹೋಗುವ ನನ್ನ ಬಸ್ಸನ್ನು ಬಿಟ್ಟು ಬಂಟ್ವಾಳದ ಬಸ್ಸು ಹತ್ತಿದೆ. ಪಾಣೆಮಂಗಳೂರಿನ ಅಂಗಡಿ ತಲುಪುವಾಗ ಅವಳ ತಂದೆ ಶಟರ್ ಅರ್ಧ ಇಳಿಸಿದ್ದರು. ನನ್ನನ್ನು ಕಂಡು ಗಾಬರಿಯಾದರು.

“ಎಂತ ಟೀಚರೇ, ಈ ಹೊತ್ತಿಗೆ? ಕೂತ್ಕೊಳ್ಳಿ, ಶರಬತ್ತು ತರಿಸ್ತೇನೆ.”

“ಶರಬತ್ತು ಬೇಡ. ಮಗಳನ್ನು ಕರೀರಿ.”

ಅಂಗಡಿಯ ಹಿಂದಿನ ಮನೆಯಿಂದ ಅವಳು ಭೌತಶಾಸ್ತ್ರದ ಪುಸ್ತಕ ಹಿಡಿದೇ ಬಂದಳು.

“ಬೆಳಿಗ್ಗೆ ಎಷ್ಟು ಬಿಟ್ಟಿದ್ದೀ?”

“ಒಂಬತ್ತು ಮೇಡಂ. ಸರಿಯಾಗಿ ಗೊತ್ತಿರಲಿಲ್ಲ.”

“ನಾಳೆ ಒಂದೂ ಬಿಡಬೇಡ. ಗೊತ್ತಿಲ್ಲದಿದ್ದರೂ ಯಾವುದಾದರೊಂದನ್ನು ಕಪ್ಪು ಮಾಡು.”

ಅವಳು ನನ್ನನ್ನೇ ನೋಡಿದಳು. “ಸುಮ್ಮನೆ ಹಾಕುವುದಾ? ಅದು ಅಡುಗೆ ಮಾಡಿದ ಹಾಗೆ ಆಗುವುದಿಲ್ವಾ ಮೇಡಂ?”

“ಆಗ್ತದೆ. ಆದರೂ ಹಾಕು.”

ತಂದೆ ನಮ್ಮಿಬ್ಬರ ಮುಖ ನೋಡುತ್ತಿದ್ದರು. ಅಡುಗೆಯ ಮಾತು ಎಲ್ಲಿಂದ ಬಂತೆಂದು ಅವರಿಗೆ ತಿಳಿಯಲಿಲ್ಲ. “ಟೀಚರ್ ಹೇಳಿದ ಹಾಗೆ ಮಾಡು,” ಎಂದರು. ಆ ಮಾತು ನನಗೆ ಎಲ್ಲಿ ತಾಗಬೇಕೋ ಅಲ್ಲಿಯೇ ತಾಗಿತು.

ಮರುದಿನದ ಪರೀಕ್ಷೆ ಮುಗಿದ ಮೇಲೆ ಅವಳು ಅಂಗಡಿಯಿಂದ ಫೋನು ಮಾಡಿದಳು.

“ಫಿಸಿಕ್ಸಿನಲ್ಲಿ ಎಲ್ಲ ತುಂಬಿಸಿದೆ ಮೇಡಂ.”

“ಕೆಮಿಸ್ಟ್ರಿ?”

“ನಾಲ್ಕು ಬಿಟ್ಟೆ. ನಿಮ್ಮ ಸಬ್ಜೆಕ್ಟಲ್ವಾ, ಕೈ ಬರಲಿಲ್ಲ.”

ಒಂಬತ್ತು ಮತ್ತು ನಾಲ್ಕು, ಹದಿಮೂರು. ನಾಲ್ಕು ಉತ್ತರಗಳಲ್ಲಿ ಒಂದು ಸರಿ. ಕಣ್ಣು ಮುಚ್ಚಿ ತುಂಬಿಸಿದ್ದರೂ ಹದಿಮೂರರಲ್ಲಿ ಮೂರು ಸರಿಬೀಳುವ ಲೆಕ್ಕ. ರ‍್ಯಾಂಕು ಬಂದಾಗ ನಾನು ಆ ಮೂರು ಅಂಕಗಳನ್ನು ಸೇರಿಸಿ ನೋಡಿದೆ. ಬೇರೆ ಕಾಲೇಜಿನ ಮಕ್ಕಳ ಅಂಕ, ರ‍್ಯಾಂಕುಗಳನ್ನೂ ಕೇಳಿ ತಿಳಿದು ಹೋಲಿಸಿದೆ. ಆ ಮೂರು ಅಂಕ ಇದ್ದಿದ್ದರೆ ಅವಳಿಗೆ ಸರ್ಕಾರಿ ಸೀಟು ಸಿಗುತ್ತಿತ್ತು. ಅವಳು ಬಿ.ಎಸ್ಸಿ.ಗೆ ಸೇರಿದಳು.

ಇವತ್ತಿಗೂ ನನ್ನ ಸಿಟ್ಟು ಇಳಿದಿಲ್ಲ. ಲಕ್ಷಾಂತರ ಮಕ್ಕಳನ್ನು ಒಂದೇ ಅಳತೆಯಲ್ಲಿ ಅಳೆಯಬೇಕು, ಶಿಫಾರಸು ನಡೆಯಬಾರದು ಎನ್ನುವ ವಾದ ನನಗೆ ಅರ್ಥವಾಗುತ್ತದೆ. ಸಿಇಟಿ ಬರುವ ಮೊದಲು ಸೀಟುಗಳು ಯಾರ ಮನೆಗೆ ಹೋಗುತ್ತಿದ್ದವೆಂದು ನೋಡಿದವಳೇ ನಾನು. ಚಪ್ಪಲಿ ಅಂಗಡಿಯವರ ಮಗಳು ಡಾಕ್ಟರ್ ಆಗುವ ಕನಸು ಕಂಡದ್ದೇ ಆ ಪರೀಕ್ಷೆಯಿಂದ. ಆದರೆ ಅಳತೆಗೋಲು ಇಟ್ಟವರು ಏನನ್ನು ಅಳೆಯುತ್ತೇವೆಂದು ಒಮ್ಮೆ ಯೋಚಿಸಬೇಡವೇ? ಆ ಹಾಳೆಯಲ್ಲಿ ‘ಗೊತ್ತಿಲ್ಲ’ ಎನ್ನುವುದಕ್ಕೆ ಜಾಗವೇ ಇಲ್ಲ. ಗೊತ್ತಿಲ್ಲದೆ ಹಾಕಿದವನಿಗೆ ಬಹುಮಾನ, ಗೊತ್ತಿಲ್ಲವೆಂದು ಬಿಟ್ಟವಳಿಗೆ ಸೊನ್ನೆ. ಇದರಿಂದ ಆರಿಸುತ್ತಿರುವುದು ಯಾರನ್ನು? ಡಾಕ್ಟರನ್ನು! ನನಗೆ ಕಾಯಿಲೆಯಾದರೆ, ಏನೆಂದು ತಿಳಿಯದಿದ್ದಾಗ ತಿಳಿಯಲಿಲ್ಲ ಎನ್ನುವ ಡಾಕ್ಟರು ಬೇಕು, ‘ಸಿ’ ಹಾಕುವವರು ಬೇಡ. ಎರಡು ವರ್ಷ ವಾರವಾರವೂ ನಾನು ಆ ಮಕ್ಕಳ ಕೈ, ಕಣ್ಣು, ತಾಳ್ಮೆ ನೋಡಿದ್ದೆ. ಯಾರೂ ನನ್ನನ್ನು ಕೇಳಲಿಲ್ಲ. ವೃತ್ತ ಓದುವ ಯಂತ್ರವನ್ನು ಕೇಳಿದರು.

ಸಿಟ್ಟಿನಲ್ಲಿ ಒಂದು ಪಾಲು ನನ್ನ ಮೇಲೆಯೇ ಉಂಟು. ಅವಳಿಗೆ ಕೋಚಿಂಗ್ ಬೇಡವೆಂದವಳು ನಾನು. ಪಕ್ಕದ ಮೇಜಿನವನು ಮೂಡುಬಿದಿರೆಗೆ ಹೋಗಿ ಒಂದು ತಿಂಗಳಲ್ಲಿ ಕಲಿತದ್ದನ್ನು ನಾನು ಒಂದೇ ವಾಕ್ಯದಲ್ಲಿ ಹೇಳಬಹುದಿತ್ತು: ಒಂದನ್ನೂ ಖಾಲಿ ಬಿಡಬೇಡ. ಆ ವಾಕ್ಯವನ್ನು ನಾನು ಒಂದು ದಿನ ತಡವಾಗಿ ಹೇಳಿದೆ.

ಮುಂದಿನ ವರ್ಷ ಕೊನೆಯ ಪಾಠ ಮುಗಿಸಿ ಬೋರ್ಡಿನ ಮೇಲೆ ನಾಲ್ಕು ವೃತ್ತ ಬರೆದೆ. “ಸಿಇಟಿಯಲ್ಲಿ ಒಂದನ್ನೂ ಖಾಲಿ ಬಿಡಬೇಡಿ. ಗೊತ್ತಿಲ್ಲದಿದ್ದರೂ ಹಾಕಿ,” ಎಂದೆ. ಮಕ್ಕಳು ಮುಖ ಮುಖ ನೋಡಿಕೊಂಡು ನಕ್ಕರು. ಅವರಿಗೆಲ್ಲ ಅದು ಮೊದಲೇ ಗೊತ್ತಿತ್ತು.

ಅದೇ ದಿನ ಮಧ್ಯಾಹ್ನ ವರ್ಷದ ಕೊನೆಯ ಲ್ಯಾಬು. ಗಂಟೆ ಹೊಡೆದಾಗ ಕಿಟಕಿಯ ಬಳಿಯ ಒಬ್ಬಳಿಗೆ ಮೂರನೆಯ ಅಂಕಿ ಸಿಕ್ಕಿರಲಿಲ್ಲ. ಪೆನ್ನು ಹಿಡಿದು ನನ್ನ ಮುಖ ನೋಡಿದಳು.

“ಖಾಲಿ ಬಿಡು,” ಎಂದೆ.

“ಬೆಳಿಗ್ಗೆ ಬೇರೆ ಹೇಳಿದ್ರಿ ಮೇಡಂ.”

“ಬೆಳಿಗ್ಗೆ ಹೇಳಿದ್ದು ಸರ್ಕಾರದ ನಿಯಮ. ಇದು ನನ್ನದು.”

ಅವಳು ಖಾಲಿ ಬಿಟ್ಟಳು. ನಾನು ಎಂಟು ಅಂಕ ಹಾಕಿ ಸಹಿ ಮಾಡಿದೆ. ಯಾವ ಸೀಟಿಗೂ ಆ ಎಂಟು ಅಂಕ ಲೆಕ್ಕಕ್ಕೆ ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.